ಗುಳಿಗೆಯೂ ರೊಟ್ಟಿಯೂ

ಬೇನೆಗಳಿಗೆ ಹೆಸರಿಡುವ ವಿಷಯದಲ್ಲಿ ಕನ್ನಡಕ್ಕೆ ಬಡತನವಿಲ್ಲ. ಕಾಮಾಲೆ, ಪಾರ್ಶ್ವವಾಯು, ಸಂಧಿವಾತ, ಅರೆದಲೆಶೂಲೆ—ಒಂದೊಂದು ಹೆಸರೆತ್ತಿದೊಡನೆ ಓಣಿಯ ಹಿರಿಯರು ಅದರ ಮದ್ದನ್ನೂ ಪಥ್ಯವನ್ನೂ, ಅದು ಯಾರ ಮನೆಯಲ್ಲಿ ಯಾರಿಗೆ ಬಂದು ಎಷ್ಟು ದಿನ ಇದ್ದಿತೆಂಬ ಚರಿತ್ರೆಯನ್ನೂ ಒಪ್ಪಿಸಬಲ್ಲರು. ನನಗೆ ಬಂದ ಬೇನೆಗೆ ಅಂಥ ಹೆಸರಿಲ್ಲ. ವೈದ್ಯರು ಅದನ್ನು ಮಲ್ಟಿಪಲ್ ಸ್ಕ್ಲೆರೋಸಿಸ್ ಎನ್ನುತ್ತಾರೆ; ಅವಸರದಲ್ಲಿದ್ದರೆ ಎಂ.ಎಸ್. ಎಂದಿಷ್ಟೇ. ಈ ಎರಡಕ್ಷರ ಕೇಳಿದರೆ ನಮ್ಮ ಕಡೆಯ ಸಂಗೀತಪ್ರಿಯರಿಗೆ ಸುಬ್ಬುಲಕ್ಷ್ಮಿಯವರ ನೆನಪಾಗುತ್ತದೆಯೇ ಹೊರತು ರೋಗದ ನೆನಪಾಗುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರು, ಸಂಸ್ಕೃತದ ಪಂಡಿತರು, ಅದಕ್ಕೆ ‘ಬಹುಕಾಠಿಣ್ಯ’ವೆಂಬ ಪದವನ್ನು ಕಡೆದುಕೊಟ್ಟರು. ಪದವೇನೋ ಶುದ್ಧವಾಗಿದೆ, ಆದರೆ ಬೇನೆಗಿಂತ ಅದೇ ಹೆಚ್ಚು ಕಠಿಣವಾಯಿತು. ನಮ್ಮವ್ವ ಮಾತ್ರ ಇದನ್ನು ‘ನರದ ಬ್ಯಾನಿ’ ಎಂದು ಕರೆದು ಮುಗಿಸಿಬಿಟ್ಟಿದ್ದಾಳೆ. ಶಾಸ್ತ್ರದ ದೃಷ್ಟಿಯಿಂದಲೂ ಅದರಲ್ಲಿ ದೊಡ್ಡ ತಪ್ಪೇನೂ ಇಲ್ಲ.

ನಾನು ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವಳು; ಮಗ್ಗ ಬಿಟ್ಟು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ವೃತ್ತಿಗೆ ಬಂದವಳು. ಮೂವತ್ತೊಂದನೆಯ ವಯಸ್ಸಿನಲ್ಲಿ, 2016ರ ಶ್ರಾವಣದಲ್ಲಿ, ಬಲಗಣ್ಣನ್ನು ಹೊರಳಿಸಿದಾಗ ಒಳಗೆ ನೋವು ಕಾಣಿಸಿಕೊಂಡಿತು. ಎರಡು ದಿನಗಳ ತರುವಾಯ ಕಾಕನ ಮಗ್ಗದ ಮೇಲಿನ ಸೀರೆಯನ್ನು ನೋಡುತ್ತಿದ್ದಾಗ ವಿಚಿತ್ರವೊಂದನ್ನು ಕಂಡೆ. ಬಲಗಣ್ಣು ಮುಚ್ಚಿ ನೋಡಿದರೆ ದಡಿಯ ಬಣ್ಣ ಕುಂಕುಮದಂಥ ಕೆಂಪು. ಎಡಗಣ್ಣು ಮುಚ್ಚಿ ನೋಡಿದರೆ ಅದೇ ದಡಿ ಮಳೆಯಲ್ಲಿ ನೆನೆದ ಹಳೆಯ ಹೆಂಚಿನ ಬಣ್ಣ. ಕಣ್ಣಿನ ನರಕ್ಕೆ ಉರಿಯೂತ ಬಂದಾಗ ಮೊದಲು ಬಾಡುವ ಬಣ್ಣ ಬಹುಮಟ್ಟಿಗೆ ಕೆಂಪು ಎಂಬುದು ವೈದ್ಯರಿಗೆ ತಿಳಿದ ಸಂಗತಿ. ಅಂದು ನನ್ನನ್ನು ನೋಡಿದ ವೈದ್ಯರೊಬ್ಬರು ಕನ್ನಡಕ ಬದಲಾಯಿಸಿಕೊಟ್ಟರು. ಆರು ವಾರಗಳಲ್ಲಿ ಕೆಂಪು ತಾನಾಗಿಯೇ ಮರಳಿತು. ಕೀರ್ತಿ ಕನ್ನಡಕಕ್ಕೆ ಸಂದಿತು.

ಮರುವರ್ಷ ದೀಪಾವಳಿಯ ಮುಂದೆ ಎಡಗಾಲು ಭಾರವಾಯಿತು. ನಡೆಯುವಾಗ ಚಪ್ಪಲಿ ಕಳಚಿ ಹಿಂದುಳಿದರೂ ಪಾದಕ್ಕೆ ಅರಿವಾಗುತ್ತಿರಲಿಲ್ಲ. ಟೊಂಕದ ಸುತ್ತ ಯಾರೋ ಒದ್ದೆ ಬಟ್ಟೆಯನ್ನು ಬಿಗಿದು ಕಟ್ಟಿದಂಥ ಅನುಭವ. ಹುಬ್ಬಳ್ಳಿಯಲ್ಲಿ ಎಂ.ಆರ್.ಐ. ತೆಗೆದರು, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸಿಗೆ ಹೋದೆವು. ಬೆನ್ನುಹುರಿಯ ನೀರು ತೆಗೆದು ನೋಡಿ, ಮಿದುಳಿನ ಚಿತ್ರದ ಮೇಲಿನ ಬಿಳಿಯ ಕಲೆಗಳನ್ನು ಎಣಿಸಿ, ಅಂತೂ ಹೆಸರು ಹೇಳಿದರು. ಹದಿನಾಲ್ಕು ತಿಂಗಳ ಹಿಂದಿನ ಕಣ್ಣಿನ ಕಥೆಯನ್ನು ಹೇಳಿದಾಗ ಅಲ್ಲಿಯ ತರುಣ ವೈದ್ಯೆ ತಲೆಯೆತ್ತಿ ನೋಡಿದ ಬಗೆಯಿಂದಲೇ ಎರಡೂ ಒಂದೇ ಬಳ್ಳಿಯ ಕಾಯಿಗಳೆಂದು ನನಗೆ ತಿಳಿಯಿತು. ಬೇರೆ ಬೇರೆ ಕಾಲದಲ್ಲಿ, ನರಮಂಡಲದ ಬೇರೆ ಬೇರೆ ಎಡೆಯಲ್ಲಿ ಪೆಟ್ಟು ಬೀಳುವುದೇ ಈ ಬೇನೆಯ ಲಕ್ಷಣವಂತೆ.

ಇದರ ಸ್ವರೂಪವನ್ನು ಗ್ರಂಥಗಳಲ್ಲಿ ವಿದ್ಯುತ್ ತಂತಿಯ ಹೋಲಿಕೆಯಿಂದ ವಿವರಿಸುತ್ತಾರೆ. ನರತಂತುವಿನ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ದೇಹವನ್ನು ಕಾಯಬೇಕಾದ ರಕ್ತಕಣಗಳೇ ದಾರಿ ತಪ್ಪಿ ಅದನ್ನು ಸುಲಿಯುತ್ತವೆ. ಸಂದೇಶ ನಿಧಾನವಾಗುತ್ತದೆ, ಇಲ್ಲವೇ ನಡುದಾರಿಯಲ್ಲಿ ನಿಂತುಬಿಡುತ್ತದೆ. ನಮ್ಮ ಮನೆಯವರಿಗೆ ಇದನ್ನು ತಿಳಿಹೇಳಲು ನನಗೆ ತಂತಿ ಬೇಕಾಗಲಿಲ್ಲ. ಹಾಸಿನ ನೂಲಿಗೆ ಗಂಜಿ ಹಚ್ಚದೆ ಮಗ್ಗಕ್ಕೇರಿಸಿದರೆ ಏನಾಗುತ್ತದೆಂದು ಕಾಕನನ್ನು ಕೇಳಿದೆ. ‘ಹಣಗಿ ತಿಕ್ಕಿ ತಿಕ್ಕಿ ಎಳಿ ಹರೀತೈತಿ’ ಎಂದ. ಅಷ್ಟೇ ನನ್ನ ಬೇನೆ ಎಂದೆ. ಹೊದಿಕೆ ಮತ್ತೆ ತಕ್ಕಮಟ್ಟಿಗೆ ಬೆಳೆಯುತ್ತದೆ, ಆದುದರಿಂದಲೇ ನನ್ನ ಕೆಂಪು ಮರಳಿದ್ದು. ಆದರೆ ಪದೇ ಪದೇ ಸುಲಿದರೆ ಎಳೆಯೇ ಹರಿಯುತ್ತದೆ, ಹರಿದ ಎಳೆ ಕೂಡುವುದಿಲ್ಲ. ಚಿಕಿತ್ಸೆಯ ಗುಟ್ಟೆಲ್ಲ ಇಲ್ಲಿಯೇ ಇದೆ: ಹರಿಯುವುದಕ್ಕೆ ಮುಂಚೆ ತಿಕ್ಕಾಟವನ್ನು ನಿಲ್ಲಿಸಬೇಕು.

ಈ ಬೇನೆಯ ಮೊದಲ ವಿಶ್ವಾಸಾರ್ಹ ಕಥನವನ್ನು ಬರೆದಿಟ್ಟವನು ವೈದ್ಯನಲ್ಲ, ರೋಗಿ. ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆಯ ಮೊಮ್ಮಗ ಅಗಸ್ಟಸ್ ಡಿ ಎಸ್ಟೆ. 1822ರ ಡಿಸೆಂಬರಿನಲ್ಲಿ ಅವನ ಕಣ್ಣು ಮಂಜಾಯಿತು, ತಾನಾಗಿಯೇ ತಿಳಿಯಾಯಿತು. ಮುಂದೆ ಕಾಲು ಸೋತಿತು. ಇಪ್ಪತ್ತಕ್ಕೂ ಮಿಕ್ಕಿದ ವರ್ಷ ಅವನು ದಿನಚರಿಯಲ್ಲಿ ತನ್ನ ದೇಹದ ಈ ದಗಲಬಾಜಿಯನ್ನು ನಿಷ್ಠೆಯಿಂದ ದಾಖಲಿಸಿದ. ಅವನ ವೈದ್ಯರು ವಿಧಿಸಿದ ಪಥ್ಯವನ್ನು ಕೇಳಿದರೆ ನಗೆ ಬರುತ್ತದೆ: ದಿನಕ್ಕೆರಡು ಹೊತ್ತು ಗೋಮಾಂಸ, ಜೊತೆಗೆ ಪೋರ್ಟ್, ಶೆರ್ರಿ, ಮದೇರಾ ಮದ್ಯಗಳು. 1848ರಲ್ಲಿ ಅವನು ತೀರಿಕೊಂಡ. ಇಪ್ಪತ್ತು ವರ್ಷಗಳ ತರುವಾಯ, 1868ರಲ್ಲಿ, ಪ್ಯಾರಿಸಿನ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಶಾರ್ಕೊ ಇದನ್ನು ಒಂದು ಪ್ರತ್ಯೇಕ ರೋಗವೆಂದು ವ್ಯವಸ್ಥಿತವಾಗಿ ವಿವರಿಸಿದ. ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ. ರೋಗದ ಗತಿಯನ್ನು ತಡೆಯುವ ಮೊದಲ ಔಷಧಕ್ಕೆ—ಬೀಟಾ ಇಂಟರ್‌ಫೆರಾನಿಗೆ—ಅಮೆರಿಕೆಯಲ್ಲಿ ಮಂಜೂರಾತಿ ದೊರೆತದ್ದು 1993ರಲ್ಲಿ. ಅಂದರೆ ನಾನು ಹುಟ್ಟುವ ಕಾಲಕ್ಕೆ ಈ ಬೇನೆಗೆ ಅಂಥ ಔಷಧವೇ ಇರಲಿಲ್ಲ. ಇದನ್ನು ನೆನೆದಾಗಲೆಲ್ಲ ನನ್ನ ದೂರುಗಳ ಧ್ವನಿ ಕೊಂಚ ತಗ್ಗುತ್ತದೆ.

ಹೆಸರು ಹೇಳಿದ ದಿನದಿಂದಲೇ ಸಲಹೆಗಾರರ ಸುಗ್ಗಿ ಆರಂಭವಾಯಿತು. ಗೋದಿ ಬಿಡು, ಹಾಲು ಬಿಡು, ಹುಳಿ ಬಿಡು, ಬದನೆ ಬಿಡು. ತೆಂಗಿನೆಣ್ಣೆ ಕುಡಿ, ಗೋಮೂತ್ರ ಕುಡಿ, ಏನನ್ನೂ ಕುಡಿಯದೆ ಇಪ್ಪತ್ತೊಂದು ದಿನ ಇರು. ಎಲ್ಲರೂ ಪ್ರೀತಿಯಿಂದಲೇ ಹೇಳಿದರು ಎಂಬುದನ್ನು ಮರೆಯಲಾರೆ. ಗೋದಿ ಬಿಡುವ ಮಾತು ಬಂದಾಗ ಅವ್ವನಿಗೆ ಸೋಜಿಗವಾಯಿತು. ನಮ್ಮ ಮನೆಯಲ್ಲಿ ಚಪಾತಿಯಾಗುವುದು ಬೀಗರು ಬಂದಾಗ. ಉಳಿದ ದಿನಗಳಲ್ಲಿ ಜೋಳದ ರೊಟ್ಟಿ. ಪಟ್ಟಣದ ಅಂಗಡಿಗಳಲ್ಲಿ ‘ಗ್ಲೂಟೆನ್ ರಹಿತ’ವೆಂದು ಮುದ್ರೆಯೊತ್ತಿ ದುಬಾರಿ ದರಕ್ಕೆ ಮಾರುವ ಪದಾರ್ಥವನ್ನು ನಮ್ಮ ಅಜ್ಜ-ಮುತ್ತಜ್ಜಂದಿರು ಮುದ್ರೆಯಿಲ್ಲದೆಯೇ ಉಂಡು ಬಾಳಿದರು. ಗೋದಿ ಬಿಟ್ಟರೆ ಈ ಬೇನೆ ತಗ್ಗುತ್ತದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲವೆಂದು ವೈದ್ಯರು ಹೇಳಿದರು. ರೊಟ್ಟಿ ಉಣ್ಣುತ್ತಲೇ ಬೆಳೆದ ನನಗೆ ಬೇನೆ ಬಂದದ್ದೂ ಒಂದು ಸಣ್ಣ ಸಾಕ್ಷಿಯೇ.

ಹಾಗಾದರೆ ಆಹಾರಕ್ಕೂ ಈ ಬೇನೆಗೂ ಸಂಬಂಧವೇ ಇಲ್ಲವೆ? ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವನು ರಾಯ್ ಸ್ವಾಂಕ್. ನಾರ್ವೆಯಲ್ಲಿ ಕಡಲ ಕರೆಯ ಬೆಸ್ತರ ನಾಡಿಗಿಂತ, ಹಾಲು ಬೆಣ್ಣೆಗಳು ಹೇರಳವಾಗಿರುವ ಒಳನಾಡಿನ ರೈತರಲ್ಲಿ ಈ ಬೇನೆ ಹೆಚ್ಚೆಂಬುದನ್ನು ಅವನೂ ಅವನ ಸಂಗಡಿಗರೂ 1952ರಲ್ಲಿ ತೋರಿಸಿದರು. ಅದಕ್ಕೆ ಮೊದಲೇ, ಮಾಂಟ್ರಿಯಲ್ಲಿನಲ್ಲಿದ್ದಾಗಲೇ, ಅವನು ತನ್ನ ರೋಗಿಗಳಿಗೆ ಬೆಣ್ಣೆ, ಕೆನೆ, ಮಾಂಸದ ಕೊಬ್ಬುಗಳನ್ನು ಬಹಳಷ್ಟು ಕಡಿಮೆ ಮಾಡಿಸಿದ್ದ. 144 ಜನರನ್ನು 34 ವರ್ಷ ಹಿಂಬಾಲಿಸಿ 1990ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿದ: ದಿನಕ್ಕೆ 20 ಗ್ರಾಂಗಿಂತ ಕಡಿಮೆ ಸಂತೃಪ್ತ ಕೊಬ್ಬು ತಿಂದವರು ಹೆಚ್ಚು ಕಾಲ, ಹೆಚ್ಚು ಸುಸ್ಥಿತಿಯಲ್ಲಿ ಬಾಳಿದ್ದರು. ಓದಿದಾಗ ರೋಮಾಂಚನವಾಗುತ್ತದೆ. ಆದರೆ ಗಣಿತದ ಮೇಷ್ಟರಾದ ನನ್ನ ತಮ್ಮ ಒಂದು ಮಾತು ಕೇಳಿದ: ‘ಅಕ್ಕಾ, ಪಥ್ಯ ಬಿಟ್ಟವರು ಯಾಕ ಬಿಟ್ಟರು? ಬ್ಯಾನಿ ಹೆಚ್ಚಾಗಿದ್ದಕ್ಕ ಬ್ಯಾಸತ್ತು ಬಿಟ್ಟಿದ್ದರ?’ ಪಂಡಿತರ ಆಕ್ಷೇಪವೂ ಇದೇ. ಚೀಟಿಯೆತ್ತಿ ಜನರನ್ನು ಎರಡು ಪಂಗಡ ಮಾಡಿ ಹೋಲಿಸಿದ ಪ್ರಯೋಗ ಅದಲ್ಲ. ಬಿಟ್ಟವರ ಕೇಡಿಗೆ ಬೆಣ್ಣೆ ಕಾರಣವೋ, ಬೆಣ್ಣೆಗೆ ಮರಳಿದ್ದಕ್ಕೆ ಕೇಡು ಕಾರಣವೋ ಅದರಿಂದ ಇತ್ಯರ್ಥವಾಗದು.

ಸ್ವತಃ ಈ ಬೇನೆಯಿದ್ದ ಅಮೆರಿಕೆಯ ವೈದ್ಯೆ ಟೆರ್ರಿ ವಾಲ್ಸ್ ಧಾನ್ಯ, ಹಾಲುಗಳನ್ನು ತೊರೆದು ಸೊಪ್ಪು ಮಾಂಸಗಳನ್ನು ಹೆಚ್ಚಿಸುವ ಇನ್ನೊಂದು ಪಥ್ಯವನ್ನು ಪ್ರಚಾರ ಮಾಡಿದ್ದಾರೆ. ಅಯೋವಾ ವಿಶ್ವವಿದ್ಯಾಲಯದಲ್ಲಿ ಆಕೆಯ ಪಥ್ಯವನ್ನೂ ಸ್ವಾಂಕನ ಪಥ್ಯವನ್ನೂ ಎದುರುಬದುರು ನಿಲ್ಲಿಸಿ ಪರೀಕ್ಷಿಸಿದ ವರದಿ 2021ರಲ್ಲಿ ಬಂದಿತು. ಎರಡೂ ಕಡೆಯವರ ದಣಿವು ತಗ್ಗಿತ್ತು. ಆ ಪ್ರಯೋಗ ಮುಖ್ಯವಾಗಿ ಅಳೆದದ್ದು ದಣಿವನ್ನು, ಮರುಕಳಿಕೆಯನ್ನಲ್ಲ ಎಂಬುದನ್ನು ಮಾತ್ರ ಅನೇಕರು ಮರೆಯುತ್ತಾರೆ. ದಣಿವು ಸಣ್ಣ ಸಂಗತಿಯೆಂದು ನಾನು ಹೇಳುತ್ತಿಲ್ಲ. ಈ ಬೇನೆಯ ದಣಿವನ್ನು ಅನುಭವಿಸದವರಿಗೆ ಹೇಳಿ ತಿಳಿಸುವುದು ಕಷ್ಟ. ಏಳು ತಾಸು ಮಲಗಿ ಎದ್ದವಳು ಹಲ್ಲುಜ್ಜಿ ಮುಗಿಸುವಷ್ಟರಲ್ಲಿ ಏಳು ಹರದಾರಿ ನಡೆದವಳಂತಾಗುತ್ತಾಳೆ. ಪರಸ್ಪರ ವಿರುದ್ಧವಾದ ಎರಡು ಪಥ್ಯಗಳಿಂದಲೂ ಅದು ತಗ್ಗಿತೆಂದರೆ ಎರಡಕ್ಕೂ ಸಮಾನವಾದದ್ದನ್ನು ಹುಡುಕಬೇಕು: ಕಾಯಿಪಲ್ಲೆ ಹೆಚ್ಚು, ಕರಿದದ್ದು ಕಡಿಮೆ, ಅಂಗಡಿಯ ಪೊಟ್ಟಣದ ತಿಂಡಿ ಕಡಿಮೆ. ಈ ತರ್ಕದ ಮೇಲೆಯೇ ನಾನು ನನ್ನ ತಾಟನ್ನು ಕಟ್ಟಿಕೊಂಡೆ. ರೊಟ್ಟಿ, ಮಡಕಿಕಾಳಿನ ಪಲ್ಯ, ಹಸಿ ಹಕ್ಕರಕಿ, ಮೆಂತ್ಯೆಯ ತಪ್ಪಲು, ಅಗಸಿ ಹಿಂಡಿ, ಮಜ್ಜಿಗೆ. ಗದುಗಿನ ಮಿರ್ಚಿ ಭಜಿಯನ್ನು ತಿಂಗಳಿಗೊಮ್ಮೆಗೆ ಇಳಿಸಿದೆ. ಪೂರ್ತಿ ಬಿಡಲು ಯಾವ ವೈದ್ಯರೂ ಹೇಳಲಿಲ್ಲವಾದ್ದರಿಂದ ನಾನೂ ಒತ್ತಾಯಿಸಿ ಕೇಳಲಿಲ್ಲ.

ಇನ್ನು ಔಷಧದ ಮಾತು. ಬೇನೆ ಒಮ್ಮೆಲೆ ಕೆರಳಿದಾಗ ಕೊಡುವ ಮೀಥೈಲ್ ಪ್ರೆಡ್ನಿಸೊಲೋನ್ ಬೇರೆ—ದಿನಕ್ಕೊಂದು ಗ್ರಾಂನಂತೆ ಮೂರರಿಂದ ಐದು ದಿನ ರಕ್ತನಾಳಕ್ಕೆ ಹರಿಸುತ್ತಾರೆ. ಅದು ಉರಿಯುವ ಬೆಂಕಿಗೆ ನೀರು. ಬೆಂಕಿ ಮತ್ತೆ ಹೊತ್ತದಂತೆ ವರ್ಷಗಟ್ಟಲೆ ತೆಗೆದುಕೊಳ್ಳುವ ಔಷಧಗಳೇ ಬೇರೆ. ಮೊದಲು ನನಗೆ ವಾರಕ್ಕೊಮ್ಮೆ ತೊಡೆಗೆ ಇಂಟರ್‌ಫೆರಾನ್ ಸೂಜಿ. ಶನಿವಾರ ಸಂಜೆ ಚುಚ್ಚಿಸಿಕೊಂಡರೆ ರವಿವಾರವೆಲ್ಲ ಚಳಿ, ಮೈನೋವು. ಅದನ್ನು ಎರಡರಿಂದ ಎಂಟು ಡಿಗ್ರಿಗಳ ತಂಪಿನಲ್ಲಿಡಬೇಕು. ನಮ್ಮ ಮನೆಯ ಫ್ರಿಜ್ಜಿನಲ್ಲಿ ಮಜ್ಜಿಗೆಯ ಪಾತ್ರೆಯ ಪಕ್ಕದಲ್ಲಿ ಅದಕ್ಕೊಂದು ಸ್ಥಾನವಾಯಿತು. ಆ ಅರೆಯನ್ನು ಅವ್ವ ಮಡಿಯಂತೆ ಕಾಯ್ದಳು. ಕರೆಂಟು ಹೋದಾಗ ಆಕೆ ಮೊದಲು ಕೇಳುತ್ತಿದ್ದದ್ದು ದೀಪವನ್ನಲ್ಲ, ‘ಸೂಜಿ ತಂಪ ಐತೇನವ್ವಾ?’ ಎಂದು. ಇಂಟರ್‌ಫೆರಾನ್ ಮರುಕಳಿಕೆಯನ್ನು ಸುಮಾರು ಮೂರರಲ್ಲೊಂದು ಪಾಲು ತಗ್ಗಿಸುತ್ತದೆ. 2019ರ ಚಿತ್ರದಲ್ಲಿ ಹೊಸ ಕಲೆಗಳು ಕಂಡುದರಿಂದ ವೈದ್ಯರು ಡೈಮೀಥೈಲ್ ಫ್ಯೂಮರೇಟ್ ಎಂಬ ಗುಳಿಗೆಗೆ ಬದಲಾಯಿಸಿದರು, ಅದರದು ಅರ್ಧದಷ್ಟು.

ಈ ಗುಳಿಗೆಗೂ ಒಂದು ಕಥೆಯಿದೆ. 1959ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಶ್ವೆಕೆನ್‌ಡೀಕ್ ತನ್ನ ಸ್ವಂತ ಸೋರಿಯಾಸಿಸ್ ಚರ್ಮರೋಗಕ್ಕೆ ಈ ಜಾತಿಯ ದ್ರವ್ಯಗಳನ್ನು ತನ್ನ ಮೇಲೆಯೇ ಪ್ರಯೋಗಿಸಿ ನೋಡಿದ. ಅಲ್ಲಿಂದ ನರರೋಗಕ್ಕೆ ಬಂದು, 2013ರಲ್ಲಿ ಅಮೆರಿಕೆಯಲ್ಲಿ ಎಂ.ಎಸ್.ಗೆ ಮಂಜೂರಾಗಲು ಅದಕ್ಕೆ ಅರ್ಧ ಶತಮಾನವೇ ಹಿಡಿಯಿತು. ಮೊದಲ ವಾರ 120 ಮಿಲಿಗ್ರಾಂ ಎರಡು ಹೊತ್ತು, ಆಮೇಲೆ 240. ನುಂಗಿದ ಅರ್ಧ ತಾಸಿಗೆ ಮುಖ ಕೆಂಪೇರಿ ಕಿವಿ ಬಿಸಿಯಾಗುತ್ತದೆ. ತರಗತಿಯಲ್ಲಿ ಮಕ್ಕಳು ‘ಅಕ್ಕೋರು ಸಿಟ್ಟಾಗ್ಯಾರ’ ಎಂದು ಪಿಸುಗುಟ್ಟಿ ಅಂದು ಬಹಳ ಶಿಸ್ತಿನಿಂದ ಕುಳಿತಿದ್ದರು. ಹೊಟ್ಟೆ ಹಿಂಡುವುದು ಅದಕ್ಕಿಂತ ದೊಡ್ಡ ಉಪದ್ರವ. ಇಲ್ಲಿಯೇ ರೊಟ್ಟಿ ಗುಳಿಗೆಯ ನೆರವಿಗೆ ಬಂದಿತು. ಬರಿಹೊಟ್ಟೆಯಲ್ಲಿ ನುಂಗದೆ, ಕೊಬ್ಬೂ ಸಸಾರಜನಕವೂ ಇರುವ ಊಟದ ನಡುವೆ ನುಂಗಿದರೆ ಈ ಕಾಟ ಕಡಿಮೆಯಾಗುತ್ತದೆ. ಪರದೇಶದ ರೋಗಿಗಳಿಗೆ ಶೇಂಗಾದ ಬೆಣ್ಣೆಯನ್ನು ತಿನ್ನಲು ಹೇಳುತ್ತಾರಂತೆ. ಅವ್ವ ಶೇಂಗಾ ಹಿಂಡಿಗೆ ಮೊಸರು ಕಲಸಿ ರೊಟ್ಟಿಗೆ ಸವರಿ ಮುಂದಿಟ್ಟಳು. ಅರ್ಧ ರೊಟ್ಟಿ, ಗುಳಿಗೆ, ಮತ್ತೆ ಅರ್ಧ ರೊಟ್ಟಿ. ಒಂದು ತಿಂಗಳೊಳಗೆ ಹೊಟ್ಟೆ ಶಾಂತವಾಯಿತು. ಔಷಧವೋ ಆಹಾರವೋ ಎಂದು ಜಗಳವಾಡುವವರು ನಮ್ಮ ಅಡುಗೆಮನೆಯ ಈ ಸಂಧಾನವನ್ನು ಒಮ್ಮೆ ನೋಡಬೇಕು. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆಯಾಗುತ್ತದೆ. ಬಿಳಿಯ ಕಣಗಳಲ್ಲಿ ಲಿಂಫೊಸೈಟುಗಳು ತೀರ ಇಳಿದರೆ ಗುಳಿಗೆ ನಿಲ್ಲಿಸಬೇಕಾಗುತ್ತದೆ. ಆ ಕಾಗದ ಬರುವ ದಿನ ಮನೆಯಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನದ ವಾತಾವರಣ.

ಬೇನೆ ನಮ್ಮ ನಾಡಿನಲ್ಲಿ ವಿರಳವೆಂಬುದು ನಿಜ. ಪ್ರಪಂಚದಲ್ಲಿ 2023ರ ಹೊತ್ತಿಗೆ ಸುಮಾರು 29 ಲಕ್ಷ ಜನರಿಗೆ ಇದಿತ್ತೆಂದು ಅಂದಾಜು. ಮುಂಬಯಿಯ ಪಾರಸಿಗಳಲ್ಲಿ ಲಕ್ಷಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಎಂಬುದು ಹಿಂದೆಯೇ ಕಂಡುಬಂದಿತ್ತು. ನಮ್ಮ ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಅವರು ನಗರದ ಜನರನ್ನು ಸಮೀಕ್ಷಿಸಿದಾಗ ಸಿಕ್ಕಿದ್ದು ಲಕ್ಷಕ್ಕೆ ಹತ್ತಕ್ಕಿಂತ ಕಡಿಮೆ. ಆದರೆ ಅವರ ಕೆಲಸದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದೆಂದು ತೋರುವುದು ಇನ್ನೊಂದು. ಕಣ್ಣು, ಬೆನ್ನುಹುರಿಗಳನ್ನು ಹಿಡಿಯುವ ನ್ಯೂರೊಮಯಲೈಟಿಸ್ ಆಪ್ಟಿಕಾ ಎಂಬ ದಾಯಾದಿ ರೋಗವೊಂದಿದೆ. ಏಷ್ಯದ ರೋಗಿಗಳಲ್ಲಿ ಇದನ್ನು ಬಹುಕಾಲ ಎಂ.ಎಸ್.ನ ಒಂದು ಬಗೆಯೆಂದೇ ತಿಳಿದಿದ್ದರು. 2004ರಲ್ಲಿ ಅದರ ಪ್ರತಿಕಾಯ ರಕ್ತದಲ್ಲಿ ಪತ್ತೆಯಾದ ಮೇಲೆ ಎರಡೂ ಬೇರೆಯೆಂದು ಖಚಿತವಾಯಿತು. ಎಂ.ಎಸ್.ಗೆ ಅಮೃತವಾದ ಇಂಟರ್‌ಫೆರಾನ್ ಆ ರೋಗದವರಿಗೆ ಕೇಡು ಮಾಡುತ್ತದೆ. ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಅವರು ಈ ರೋಗಿಗಳ ದಾಖಲೆಯನ್ನು ತೆರೆದು, ಆ ರಕ್ತಪರೀಕ್ಷೆಯ ಪ್ರಯೋಗಾಲಯವನ್ನೂ ಕಟ್ಟಿದರು. ನೆರೆಮನೆಯವರ ಚೀಟಿ ನೋಡಿ ಔಷಧ ಕೊಳ್ಳುವ ನಮ್ಮ ಜನರು ಇದನ್ನು ತಿಳಿಯಬೇಕು. ಮೇಲುನೋಟಕ್ಕೆ ಒಂದೇ ತೆರನಾದ ಎರಡು ಕುರುಡು, ಒಳಗೆ ಎರಡು ಬೇರೆ ಬೇನೆ.

ಔಷಧಾಲಯದ ಪಡಸಾಲೆಯಲ್ಲಿ ಸರದಿಗಾಗಿ ಕುಳಿತಾಗ ಒಬ್ಬ ತರುಣನ ಪರಿಚಯವಾಗಿತ್ತು. ನನ್ನ ಬೇನೆಯೇ ಅವನದೂ, ನನ್ನ ಗುಳಿಗೆಯೇ. ಹಾಸ್ಯದ ಹುಡುಗ, ಮುಖ ಕೆಂಪೇರುವುದನ್ನು ‘ಪುಕ್ಕಟೆ ಪೌಡರ್’ ಎನ್ನುತ್ತಿದ್ದ. ಪಥ್ಯವೊಂದರಿಂದಲೇ ಬೇನೆಯನ್ನು ಬೇರುಸಹಿತ ಕೀಳುವೆನೆಂದ ಯಾವನೋ ಒಬ್ಬನ ಮಾತು ನಂಬಿ ಗುಳಿಗೆ ನಿಲ್ಲಿಸಿದ. ಮೊದಲ ಏಳೆಂಟು ತಿಂಗಳು ಚೆನ್ನಾಗಿಯೇ ಇದ್ದ. ಈ ಬೇನೆಯ ಮೋಸವೆಲ್ಲ ಇದರಲ್ಲಿಯೇ ಇದೆ: ಏನೂ ಮಾಡದಿದ್ದರೂ ಅದು ಕೆಲಕಾಲ ಸುಮ್ಮನಿರುತ್ತದೆ, ಆ ಮೌನದ ಕೀರ್ತಿಯನ್ನು ಆಗ ಎದುರಿಗಿದ್ದವರು ಹೊಡೆದುಕೊಳ್ಳುತ್ತಾರೆ. ಮುಂದಿನ ಸಲ ಕಂಡಾಗ ಅವನು ಗಾಲಿಕುರ್ಚಿಯಲ್ಲಿದ್ದ. ಅವನ ತಾಯಿ ಕುರ್ಚಿ ನೂಕುತ್ತಿದ್ದಳು. ಗುಳಿಗೆ ಬಿಡದಿದ್ದರೆ ಹಾಗಾಗುತ್ತಲೇ ಇರಲಿಲ್ಲವೆಂದು ಯಾರೂ ಆಣೆಯಿಟ್ಟು ಹೇಳಲಾರರು. ಹಾಗಾಗುವ ಸಂಭವ ಕಡಿಮೆಯಿತ್ತು, ಅಷ್ಟೆ. ನನ್ನನ್ನು ನೋಡಿ ನಕ್ಕ. ಪೌಡರಿನ ಮಾತು ಆಡಲಿಲ್ಲ.

ಬಿಸಿಲಿನೊಡನೆ ನನ್ನ ವ್ಯವಹಾರ ಸಿಕ್ಕುಸಿಕ್ಕಾದದ್ದು. ಚರ್ಮಕ್ಕೆ ಬಿಸಿಲು ಬಿದ್ದರೆ ಹುಟ್ಟುವ ಡಿ ಜೀವಸತ್ವ ಕಡಿಮೆಯಿರುವವರಲ್ಲಿ ಈ ಬೇನೆ ಹೆಚ್ಚು. ಬೆಟಗೇರಿಯಲ್ಲಿ ಬಿಸಿಲಿಗೇನು ಬರ? ಆದರೂ ನನ್ನ ರಕ್ತದಲ್ಲಿ ಅದು ತೀರ ಕಡಿಮೆಯಿತ್ತು. ಮಗ್ಗದ ಕೋಣೆ, ಶಾಲೆಯ ಕೋಣೆ, ಮೈತುಂಬ ಸೀರೆ—ಬಿಸಿಲು ಚರ್ಮಕ್ಕೆ ಮುಟ್ಟುವುದು ಎಲ್ಲಿ? ವೈದ್ಯರು ಅದನ್ನು ಪುಡಿಯ ರೂಪದಲ್ಲಿ ಅಳೆದು ಕೊಟ್ಟಿದ್ದಾರೆ. ಇದು ಬೇನೆಯನ್ನೂ ತಗ್ಗಿಸುತ್ತದೆಯೆ ಎಂಬ ಬಗ್ಗೆ ಪ್ರಯೋಗಗಳು ಒಂದೇ ಮಾತು ಹೇಳುವುದಿಲ್ಲ; ಬೇನೆಯ ಮೊದಲ ಪೆಟ್ಟು ಬಿದ್ದವರಲ್ಲಿ ದೊಡ್ಡ ಪ್ರಮಾಣದಿಂದ ಅನುಕೂಲವಾಯಿತೆಂದು 2025ರಲ್ಲಿ ಫ್ರಾನ್ಸಿನ ಪ್ರಯೋಗವೊಂದು ವರದಿ ಮಾಡಿತು. ಒಳ್ಳೆಯದೆಂದು ತಾವಾಗಿಯೇ ಹೆಚ್ಚು ನುಂಗಿದರೆ ರಕ್ತದಲ್ಲಿ ಸುಣ್ಣದಂಶ ಏರಿ ಮೂತ್ರಪಿಂಡ ಕೆಡುತ್ತದೆ.

ಹಾಗೆಂದು ಬಿಸಿಲಿಗೆ ಹೋಗೋಣವೆಂದರೆ ಕಾಲು ಕೈಕೊಡುತ್ತದೆ. ಮೈಯ ಬಿಸಿ ಅರ್ಧ ಡಿಗ್ರಿ ಏರಿದರೂ ಸುಲಿದ ನರದಲ್ಲಿ ಸಂದೇಶ ಕಡಿಯುತ್ತದೆ. 1890ರಲ್ಲಿ ಜರ್ಮನಿಯ ಕಣ್ಣಿನ ವೈದ್ಯ ಉಹ್ತಾಫ್, ಶ್ರಮಪಟ್ಟಾಗ ಇಂಥ ರೋಗಿಗಳ ದೃಷ್ಟಿ ಮಸುಕಾಗುವುದನ್ನು ಗುರುತಿಸಿದ. ಅದಕ್ಕೆ ನಿಜವಾದ ಕಾರಣ ಬಿಸಿಯೆಂಬುದು ಆಮೇಲೆ ತಿಳಿಯಿತು. ಒಂದು ಕಾಲದಲ್ಲಿ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂಡಿಸಿ ಬೇನೆಯನ್ನು ಪತ್ತೆ ಹಚ್ಚುತ್ತಿದ್ದರಂತೆ. ಏಪ್ರಿಲ್ ತಿಂಗಳಲ್ಲಿ ನಲವತ್ತರ ಆಸುಪಾಸಿಗೆ ಏರುವ ನಮ್ಮ ಊರೇ ಅಂಥದೊಂದು ತೊಟ್ಟಿ. ಆದರೆ ಇದು ಹೊಸ ಪೆಟ್ಟಲ್ಲ, ಮೈ ತಂಪಾದರೆ ಶಕ್ತಿ ಮರಳುತ್ತದೆ ಎಂದು ಅರಿತ ಮೇಲೆ ಅರ್ಧ ಭಯ ಹೋಯಿತು. ಕೊರಳಿಗೆ ಒದ್ದೆಯ ಕೈಮಗ್ಗದ ಪಂಜೆ, ಚೀಲದಲ್ಲಿ ತಣ್ಣೀರಿನ ಬಾಟಲಿ. ಶಾಲೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಹೇಳಿ ನನ್ನ ಪಾಠಗಳನ್ನೆಲ್ಲ ಮಧ್ಯಾಹ್ನದ ಮೊದಲಿಗೆ, ಕೆಳಗಿನ ಕೋಣೆಗೆ ಹಾಕಿಸಿಕೊಂಡಿದ್ದೇನೆ.

ಹೀಗೆ ಕೇಳಲು ಆಧಾರವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ಬಗೆಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಹೆಸರು ಹಿಡಿದು ಸೇರಿದೆ. ಅದಕ್ಕೆ ಮೊದಲು ನಮ್ಮಂಥವರು ಯಾವ ಪಟ್ಟಿಗೂ ಸೇರಿರಲಿಲ್ಲ. ಪ್ರಮಾಣಪತ್ರಕ್ಕೆ ಹೋದಾಗ ಗುಮಾಸ್ತರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ‘ನಡೀತೀರಲ್ಲ?’ ಎಂದರು. ಬೆಳಿಗ್ಗೆ ಹತ್ತಕ್ಕೆ ನಡೆಯುತ್ತೇನೆ, ಮೂರಕ್ಕೆ ಬಂದು ನೋಡಿರಿ ಎಂದೆ. ಅವರು ಮೂರಕ್ಕೆ ಬರಲಿಲ್ಲ. ವೈದ್ಯಮಂಡಳಿಯವರು ಮಾತ್ರ ಕಾಲಿನ ಬಲವನ್ನೂ ಸಮತೋಲವನ್ನೂ ಅಳೆದು ನೋಡಿದರು.

ನಮ್ಮ ಅವಳಿ ಊರು ಸಂಗೀತದ ಊರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಹುಡುಗರು ಬೆರಳಿನಿಂದಲೇ ಲೋಕವನ್ನು ಕಂಡು ವಿದ್ವಾಂಸರಾಗಿದ್ದಾರೆ. ಇಂಗ್ಲೆಂಡಿನ ಚೆಲ್ಲೋವಾದಕಿ ಜಾಕ್ವೆಲಿನ್ ದು ಪ್ರೆ ಅವರ ಕಥೆ ನನಗೆ ಇದರ ತಿರುವುಮುರುವಾಗಿ ಕಾಣುತ್ತದೆ. ಆಕೆಯ ಬೆರಳುಗಳಿಗೆ ತಂತಿಯ ಅರಿವೇ ತಪ್ಪಿತು. 1973ರಲ್ಲಿ ಈ ಬೇನೆಯೆಂದು ತಿಳಿಯಿತು, ವಾದನ ನಿಂತಿತು. 1987ರಲ್ಲಿ, ನಲವತ್ತೆರಡರ ವಯಸ್ಸಿನಲ್ಲಿ, ಆಕೆ ಹೋದರು. ಮೊದಲ ಔಷಧ ಬರಲು ಇನ್ನೂ ಆರು ವರ್ಷವಿತ್ತು. ನನ್ನ ಬಲಗೈಯ ಎರಡು ಬೆರಳುಗಳು ಕಳೆದ ಚಳಿಗಾಲದಿಂದ ಸೀಮೆಸುಣ್ಣವನ್ನು ಗಟ್ಟಿಯಾಗಿ ಹಿಡಿಯಲೊಲ್ಲವು. ಕರಿಹಲಗೆಯ ಮೇಲಿನ ಅಕ್ಷರ ದೊಡ್ಡದಾಗಿ, ದುಂಡಗಾಗಿ, ಒಂದನೆಯ ಇಯತ್ತೆಯ ಅಕ್ಷರದಂತಾಗಿದೆ. ಹಿಂದಿನ ಸಾಲಿನ ಹುಡುಗರಿಗೆ ಈಗ ಸ್ಪಷ್ಟವಾಗಿ ಕಾಣುತ್ತದಂತೆ. ಮುಂದಿನ ಎಂ.ಆರ್.ಐ. ಜನವರಿಯಲ್ಲಿದೆ; ಹೊಸ ಕಲೆ ಕಂಡರೆ ಗುಳಿಗೆ ಬಿಟ್ಟು ಆರು ತಿಂಗಳಿಗೊಮ್ಮೆ ರಕ್ತನಾಳಕ್ಕೆ ಕೊಡುವ ಔಷಧಕ್ಕೆ ಹೋಗುವುದೆಂದು ವೈದ್ಯರು ಸೂಚಿಸಿದ್ದಾರೆ. ಅದನ್ನು ಕೇಳಿದ ಅವ್ವ ಅದಕ್ಕೂ ಮುಂಚೆ ಏನು ಉಣ್ಣಬೇಕೆಂದು ವಿಚಾರಿಸಿಕೊಂಡು ಬರಲು ಹೇಳಿದ್ದಾಳೆ.